ಮಳೆಗಾಲದಲ್ಲಿ ನೌಕರಿ ಬದಲಾದರೆ ಹಳೇ ಕಾಮಿಕ್ಸ್‌ಗಳನ್ನು ಏನು ಮಾಡೋದು?

ಪ್ರಶ್ನೆ: ನಾನು ಬಾಗಲಕೋಟೆ ನವನಗರದವನು. ವಯಸ್ಸು 34. ಇಷ್ಟು ದಿನ ಇಲ್ಲೇ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದೆ. ಈಗ ಬೆಳಗಾವಿಯ ಉದ್ಯಮಬಾಗದಲ್ಲಿ ಒಳ್ಳೆ ಕೆಲಸ ಸಿಕ್ಕಿದೆ, ಜುಲೈ 1ಕ್ಕೆ ಹಾಜರಾಗಬೇಕು. ಹೆಂಡತಿ ಮತ್ತು ಎರಡು ವರ್ಷದ ಮಗಳೂ ಜೊತೆಗೆ ಬರುತ್ತಾರೆ. ಅನಗೋಳದಲ್ಲಿ ಕೆಳಗಿನ ಮಹಡಿಯ ಎರಡು ರೂಮಿನ ಮನೆ ನೋಡಿದ್ದೇವೆ, ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ. ನನ್ನ ಚಿಂತೆ ಪುಸ್ತಕಗಳದ್ದು. ಸುಮಾರು 600 ಕಾಮಿಕ್ಸ್ ಮತ್ತು ಮಕ್ಕಳ ಪತ್ರಿಕೆಗಳಿವೆ. ಅಮರ ಚಿತ್ರ ಕಥೆ, ಇಂದ್ರಜಾಲ, ಚಂದಮಾಮ, ಬಾಲಮಂಗಳ ಎಲ್ಲಾ ಇವೆ. ಅರ್ಧ ನಮ್ಮ ಮಾಮಾ ಕೊಟ್ಟಿದ್ದು, ಅರ್ಧ ನಾನು ಕೂಡಿಸಿದ್ದು. ಬೇರೆ ಪುಸ್ತಕಗಳು 400ರಷ್ಟಿವೆ. ಎಲ್ಲಾ ಮೇಲಿನ ರೂಮಿನಲ್ಲಿವೆ. ಅವ್ವ ಆ ರೂಮು ಬಾಡಿಗೆಗೆ ಕೊಡಬೇಕು ಅಂತಿದ್ದಾಳೆ. ಕೆಲವು ಹಾಳೆ ಹಳದಿಯಾಗಿವೆ, ಕೆಲವದರಲ್ಲಿ ಕಂದು ಚುಕ್ಕೆ ಬಂದಿವೆ. ಅದು ಬೇರೆ ಪುಸ್ತಕಕ್ಕೂ ಹರಡುತ್ತದೆಯಾ? ಮಗುವಿಗೆ ಈ ವಾಸನೆ ಆಗಿಬರಲ್ಲ ಅಂತ ಹೆಂಡತಿಯ ಹೆದರಿಕೆ. ಡಾಂಬರ್ ಗುಳಿಗೆ ಹಾಕಿ ಪ್ಯಾಕ್ ಮಾಡು ಅಂತ ಗೆಳೆಯರು ಹೇಳುತ್ತಾರೆ. ಒಬ್ಬರು ಎಲ್ಲಾ ಕಾಮಿಕ್ಸ್ ಸೇರಿಸಿ 20,000 ರೂಪಾಯಿ ಕೊಡುತ್ತೇನೆ, ಈ ವಾರವೇ ಹೇಳಿ ಅಂದಿದ್ದಾರೆ. ಕೊಟ್ಟುಬಿಡಲಾ? ಇನ್ನೊಂದು ಮಾತು. ಕೆಲಸ ಬಿಡುತ್ತೇನೆ ಅಂತ ಪತ್ರ ಕೊಟ್ಟ ದಿನದಿಂದ ಒಂದು ಪುಸ್ತಕವನ್ನೂ ಪೂರ್ತಿ ಓದೋಕೆ ಆಗಿಲ್ಲ. ಓದುವ ಹುಚ್ಚೇ ಹೋಯಿತೇನೋ ಅನ್ನಿಸಿ, ಇಷ್ಟೆಲ್ಲಾ ಇಟ್ಟುಕೊಂಡು ಏನು ಮಾಡಲಿ ಅನ್ನಿಸುತ್ತದೆ.

ಉತ್ತರ: ಮೊದಲು ಹೊಸ ನೌಕರಿಗೆ ಶುಭಾಶಯ. ನಿಮ್ಮ ಪತ್ರದಲ್ಲಿ ಮೂರು ಚಿಂತೆ ಒಂದರೊಳಗೊಂದು ಸೇರಿಕೊಂಡಿವೆ. ಕಾಗದ ಹಾಳಾಗುತ್ತದೆ ಅನ್ನೋದು ಒಂದು. ಜಾಗ ಇಲ್ಲ ಅನ್ನೋದು ಎರಡನೆಯದು. ಓದುವ ಮನಸ್ಸೇ ಇಲ್ಲದ ಮೇಲೆ ಯಾಕೆ ಇಟ್ಟುಕೊಳ್ಳಬೇಕು ಅನ್ನೋದು ಮೂರನೆಯದು. ಮೂರಕ್ಕೂ ಒಂದೇ ಏಟಿಗೆ ಮಾರಾಟವೇ ಉತ್ತರ ಅಂತ ನಿಮಗೀಗ ಕಾಣುತ್ತಿದೆ. ಹಳೇ ಕಾಗದ ಕಾಪಾಡೋದೇ ನನ್ನ ಕೆಲಸ. ನೌಕರಿ ಬದಲಾಗುವಾಗ, ಮನೆ ಖಾಲಿ ಮಾಡುವಾಗ ಅವಸರದಲ್ಲಿ ಕೊಟ್ಟು, ಆಮೇಲೆ ಅದೇ ಪುಸ್ತಕ ಹುಡುಕಿಕೊಂಡು ಬರುವ ಜನರನ್ನು ಬಹಳ ನೋಡಿದ್ದೇನೆ. ಹಾಗಾಗಿ ನೇರವಾಗಿ ಹೇಳುತ್ತೇನೆ: ಈ ವಾರ ಮಾರಬೇಡಿ, ಜುಲೈನಲ್ಲಿ ಸಾಗಿಸಲೂ ಬೇಡಿ.

ಯಾಕೆ ಅಂತ ಹೇಳಬೇಕಾದರೆ ಎರಡು ಊರಿನ ಹವಾದಿಂದ ಶುರು ಮಾಡಬೇಕು. ಬಾಗಲಕೋಟೆಯಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಒಳಗೇ ಮಳೆ. ಬೆಳಗಾವಿ ಶಹರದಲ್ಲಿ ಅದರ ಎರಡು ಪಟ್ಟು, ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಲೋಕಾಪುರ, ಯರಗಟ್ಟಿ ದಾಟಿ ಬಂದರೆ ನೂರೈವತ್ತು ಕಿಲೋಮೀಟರ್ ಕೂಡ ಆಗಲ್ಲ. ಆದರೆ ಕಾಗದದ ಮಟ್ಟಿಗೆ ಅದು ಬೇರೆ ದೇಶ. ಪುಸ್ತಕಕ್ಕೆ ಗಾಳಿಯ ತೇವಾಂಶ ಶೇಕಡಾ 45ರಿಂದ 55ರ ಆಸುಪಾಸು ಇದ್ದರೆ ಚೆನ್ನ. 65 ದಾಟಿ ಅಲ್ಲೇ ನಿಂತರೆ ಬೂಸ್ಟು ಹಿಡಿಯೋಕೆ ದಾರಿಯಾಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ಬೆಳಗಾವಿಯ ಕೆಳಗಿನ ಮಹಡಿ ಮನೆಗಳಲ್ಲಿ 80ರ ಮೇಲೆ ತೋರಿಸೋದು ಮಾಮೂಲು. ಒಗೆದ ಬಟ್ಟೆ ಮೂರು ದಿನವಾದರೂ ಒಣಗದ ಊರಲ್ಲಿ ಪುಸ್ತಕ ಮಾತ್ರ ಒಣಗಿರುತ್ತದೆಯಾ?

ಇನ್ನೊಂದು ಸಂಗತಿ ಇದೆ. ನಿಮ್ಮ ಕಾಗದ ಹುಟ್ಟಿದಾಗಿನಿಂದ ಒಣ ಹವೆಯಲ್ಲೇ ಇದೆ. ಅಂಥ ಒಣ ಕಾಗದ ತೇವ ಸಿಕ್ಕ ಕೂಡಲೇ ಎಳೆದುಕೊಳ್ಳುತ್ತದೆ. ಹಾಳೆ ಉಬ್ಬಿ ಅಲೆ ಅಲೆ ಆಗುತ್ತದೆ, ಹೊಳಪಿನ ಮುಖಪುಟಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಟಿದ ಮುಖಪುಟ ಬಿಡಿಸೋದು ಬಹಳ ಕಷ್ಟ. ಚಿತ್ರದ ಬಣ್ಣ ಪಕ್ಕದ ಹಾಳೆಗೇ ಎದ್ದು ಬರುತ್ತದೆ.

ಈಗ ನಿಮ್ಮ ಹಳದಿ ಹಾಳೆ ಮತ್ತು ಕಂದು ಚುಕ್ಕೆಯ ವಿಷಯ. ಹಳದಿಯಾಗೋದು ರೋಗ ಅಲ್ಲ, ಅಂಟುವುದೂ ಇಲ್ಲ. ಅಗ್ಗದ ಪತ್ರಿಕೆಯ ಕಾಗದವನ್ನು ಮರದ ತಿರುಳು ಅರೆದು ಮಾಡುತ್ತಾರೆ. ಅದರಲ್ಲಿ ಲಿಗ್ನಿನ್ ಅನ್ನುವ ಅಂಶ ಉಳಿದಿರುತ್ತದೆ. ಗಾಳಿ, ಬೆಳಕು ತಾಗಿದಂತೆ ಅದು ಹಳದಿಗೆ ತಿರುಗುತ್ತದೆ, ಜೊತೆಗೆ ಕಾಗದದಲ್ಲಿ ಆಮ್ಲ ಹೆಚ್ಚಾಗಿ ಹಾಳೆ ಮಡಚಿದರೆ ಮುರಿಯುವಂತಾಗುತ್ತದೆ. ಬಿಸಿ ಜಾಸ್ತಿಯಾದಷ್ಟೂ ಇದು ಜೋರು. ಅದಕ್ಕೇ ಸ್ಲ್ಯಾಬಿನ ಕೆಳಗಿನ ಅಟ್ಟ ಪುಸ್ತಕಕ್ಕೆ ಒಳ್ಳೆ ಜಾಗ ಅಲ್ಲ. ಬಾಗಲಕೋಟೆಯ ಏಪ್ರಿಲ್, ಮೇ ತಿಂಗಳಲ್ಲಿ ಅಟ್ಟದ ಬಿಸಿ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಹಳದಿಯಾಗಿದ್ದನ್ನು ಮತ್ತೆ ಬಿಳಿ ಮಾಡೋಕೆ ಆಗಲ್ಲ, ನಿಧಾನ ಮಾಡಬಹುದು ಅಷ್ಟೇ.

ಚುಕ್ಕೆಯಲ್ಲಿ ಎರಡು ಥರ ಇವೆ, ನೀವೇ ಗುರುತಿಸಬಹುದು. ಒಂದು ಕಾಮಿಕ್ಸನ್ನು ಹೊರಗೆ ಬೆಳಕಿಗೆ ತನ್ನಿ, ನೇರ ಬಿಸಿಲಿಗೆ ಬೇಡ. ಮೂಗು, ಬಾಯಿಗೆ ಮಾಸ್ಕ್ ಹಾಕಿಕೊಳ್ಳಿ. ಒಣಗಿದ ಮೆತ್ತನೆ ಬ್ರಶ್‌ನಿಂದ ಚುಕ್ಕೆಯ ಮೇಲೆ ಒಮ್ಮೆ ಆಡಿಸಿ. ಚುಕ್ಕೆ ಕಾಗದದ ಒಳಗೇ ಕೂತ ಕಲೆಯಂತಿದ್ದು, ಬ್ರಶ್‌ಗೆ ಏನೂ ಬರದಿದ್ದರೆ ಅದು ಹಳೇ ಕಲೆ. ಪಕ್ಕದ ಪುಸ್ತಕಕ್ಕೆ ಹೋಗಲ್ಲ, ಸುಮ್ನೆ ಬಿಟ್ಟುಬಿಡಿ. ಬೂದು ಅಥವಾ ಹಸಿರು ಬಣ್ಣದ್ದು, ಮಖಮಲ್ಲಿನಂತೆ ಮೇಲೆದ್ದಿದ್ದು, ಒರೆಸಿದರೆ ಹಿಟ್ಟಿನಂತೆ ಹರಡುವುದಾದರೆ ಅದು ಬೂಸ್ಟು. ಅದನ್ನು ಕೂಡಲೇ ಬೇರೆ ಇಡಿ. ಒಂದು ಪೇಪರ್ ಕವರಿನಲ್ಲಿ ಹಾಕಿ, ಒಣ ಜಾಗದಲ್ಲಿ ಪೂರ್ತಿ ಒಣಗೋಕೆ ಬಿಡಿ, ಆಮೇಲೆ ಬಯಲಲ್ಲಿ ಬ್ರಶ್ ಮಾಡಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬೂಸ್ಟನ್ನು ಇಡೀ ಹಾಳೆಗೆ ಬಳಿದಂತಾಗುತ್ತದೆ. ಬಾಗಲಕೋಟೆಯ ಒಣ ರೂಮಿನಲ್ಲಿದ್ದ ಪುಸ್ತಕ ಅಂದರೆ ನಿಮ್ಮದು ಬಹುತೇಕ ಮೊದಲನೇ ಥರದ್ದೇ ಇರಬೇಕು.

ನಿಮ್ಮ ಮನೆಯವರ ಹೆದರಿಕೆ ಸುಳ್ಳಲ್ಲ. ಬೂಸ್ಟಿನ ಧೂಳು ಮಕ್ಕಳ ಉಸಿರಾಟಕ್ಕೆ ಒಳ್ಳೆಯದಲ್ಲ. ಆದರೆ ಹಳೇ ಪುಸ್ತಕದ ಮಾಮೂಲಿ ವಾಸನೆ ಬೇರೆ, ಬೂಸ್ಟಿನ ಮುಗ್ಗಲು ವಾಸನೆ ಬೇರೆ. ಮೊದಲನೆಯದರಿಂದ ಸಾಮಾನ್ಯವಾಗಿ ತೊಂದರೆ ಇಲ್ಲ. ನನಗೆ ಹೆಚ್ಚು ಭಯ ಇರೋದು ಗೆಳೆಯರು ಹೇಳಿದ ಡಾಂಬರ್ ಗುಳಿಗೆಯದ್ದು. ಅದು ನ್ಯಾಫ್ತಲೀನ್. ಬಿಳಿ ಪೆಪ್ಪರಮೆಂಟಿನಂತೆ ಕಾಣುತ್ತದೆ, ಎರಡು ವರ್ಷದ ಮಗು ಬಾಯಿಗೆ ಹಾಕಿಕೊಂಡರೆ ದೊಡ್ಡ ಅನಾಹುತ. ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇರುವ ಮಕ್ಕಳಿಗೆ ಅದರ ಆವಿಯಿಂದಲೂ ರಕ್ತದ ಕೆಂಪು ಕಣ ಒಡೆಯಬಹುದು. ಮಗುವಿಗೆ ಆ ಕೊರತೆ ಇದೆಯೋ ಇಲ್ಲವೋ ಅಂತ ಬಹಳ ಮನೆಗಳಲ್ಲಿ ಗೊತ್ತೇ ಇರಲ್ಲ. ಇನ್ನು ಬೂಸ್ಟನ್ನು ಆ ಗುಳಿಗೆ ತಡೆಯುವುದೂ ಇಲ್ಲ. ಮಗು ಇರುವ ಮನೆಗೆ ಅದು ಬೇಡವೇ ಬೇಡ.

ಬೇವಿನ ಎಲೆ? ಚೆನ್ನಾಗಿ ಒಣಗಿದ್ದನ್ನು ಬಟ್ಟೆಯ ಸಣ್ಣ ಗಂಟಿನಲ್ಲಿ ಕಪಾಟಿನ ಮೂಲೆಗೆ ಇಡಬಹುದು, ಹುಳ ಸ್ವಲ್ಪ ದೂರ ಇರುತ್ತವೆ. ಹಸಿ ಎಲೆಯನ್ನು ಹಾಳೆಯೊಳಗೆ ಇಟ್ಟರೆ ತೇವವನ್ನೂ ಕಲೆಯನ್ನೂ ನೀವೇ ಕೊಟ್ಟಂತೆ. ಬಜೆಯ ಬೇರನ್ನು ನಮ್ಮ ಹಿರಿಯರು ಓಲೆಗರಿಯ ಕಟ್ಟಿನ ಜೊತೆ ಇಡುತ್ತಿದ್ದರು, ಅದೂ ಒಳ್ಳೆಯದೇ. ಆದರೆ ಇವೆಲ್ಲ ಸಣ್ಣ ಸಹಾಯ. ಬೆಳ್ಳಿ ಬಣ್ಣದ ಸಣ್ಣ ಹುಳ ಬರೋದೇ ತೇವಕ್ಕೆ ಮತ್ತು ಅಂಟಿನ ಗಂಜಿಗೆ. ತೇವ ಕಡಿಮೆ ಮಾಡಿದರೆ ಅದು ಅರ್ಧ ತಾನಾಗೇ ಹೋಗುತ್ತದೆ. ಬಿಸಿಲಿಗೆ ಹರಡುವುದೂ ನಮ್ಮ ಕಡೆ ರೂಢಿ. ಮೆಣಸಿನಕಾಯಿಗೆ ಸರಿ, ಕಾಮಿಕ್ಸ್‌ಗೆ ಅಲ್ಲ. ನೇರ ಬಿಸಿಲಿಗೆ ಬಣ್ಣ ಹಾರುತ್ತದೆ, ಒಮ್ಮೆ ಹಾರಿದ ಬಣ್ಣ ಬರಲ್ಲ. ನೆರಳಲ್ಲಿ, ಫ್ಯಾನಿನ ಗಾಳಿಗೆ ಬಿಡಿ.

ಲ್ಯಾಮಿನೇಶನ್ ಮತ್ತು ಸೆಲ್ಲೋಟೇಪ್ ಬಗ್ಗೆ ಒಂದೇ ಮಾತು: ಮಾಡಬೇಡಿ. ಎರಡೂ ಹಾಕೋದು ಸುಲಭ, ತೆಗೆಯೋದು ಕಷ್ಟ.

ಪಿನ್ನಿನ ಬಗ್ಗೆ ಮಾತ್ರ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಬೆಳಗಾವಿಗೆ ಬಂದ ಮೇಲೆ ನಿಮ್ಮ ಕಾಮಿಕ್ಸ್‌ಗೆ ಮೊದಲ ಪೆಟ್ಟು ಬೀಳೋದು ಅಲ್ಲೇ. ನಡುವೆ ಹೊಡೆದ ಎರಡು ಕಬ್ಬಿಣದ ಪಿನ್ನು ತೇವಕ್ಕೆ ತುಕ್ಕು ಹಿಡಿಯುತ್ತವೆ. ತುಕ್ಕು ಸುತ್ತಲಿನ ಕಾಗದ ತಿನ್ನುತ್ತದೆ, ನಡುವಿನ ಹಾಳೆ ಕಳಚಿ ಬರುತ್ತದೆ. ಪಿನ್ನಿನ ಸುತ್ತ ಕಿತ್ತಳೆ ಕಲೆ ಕಂಡರೆ ತೆಗೆಯಬೇಕು. ಪುಸ್ತಕವನ್ನು ಸರಿಯಾಗಿ ನಡುಪುಟಕ್ಕೆ ಬಿಚ್ಚಿ, ಮೇಜಿನ ಮೇಲೆ ಮುಖಪುಟ ಕೆಳಗಾಗಿ ಮಲಗಿಸಿ. ಪಿನ್ನಿನ ಮಡಚಿದ ಎರಡು ಕಾಲು ಕಾಣುತ್ತವೆ. ಮೊಂಡಾದ ತೆಳು ಚಾಕುವನ್ನು ಕಾಲಿನ ಅಡಿಗೆ ತೂರಿಸಿ, ಕಾಗದಕ್ಕೆ ಒತ್ತದಂತೆ ಒಂದೊಂದನ್ನೇ ನೆಟ್ಟಗೆ ಎತ್ತಿ. ಆಮೇಲೆ ಪುಸ್ತಕ ತಿರುಗಿಸಿ ಹೊರಗಿನಿಂದ ಪಿನ್ನು ನಿಧಾನ ಎಳೆಯಿರಿ. ಸ್ಟೇಪ್ಲರ್ ಹಿಂದಿರುವ ಕೊಕ್ಕೆಯಿಂದ ಕೀಳಬೇಡಿ, ಹಾಳೆಯೂ ಜೊತೆಗೇ ಬರುತ್ತದೆ. ಅದೇ ತೂತುಗಳಲ್ಲಿ ಬಿಳಿ ಹತ್ತಿ ನೂಲು ಹಾಕಿ ಸಡಿಲವಾಗಿ ಗಂಟು ಹಾಕಿದರೆ ಆಯಿತು. ಎಲ್ಲಾ 600ಕ್ಕೂ ಮಾಡಬೇಕಿಲ್ಲ, ತುಕ್ಕು ಹಿಡಿದಿದ್ದಕ್ಕೆ ಸಾಕು. ಮೊದಲು ಎರಡು ಪ್ರತಿ ಇರುವ ಪುಸ್ತಕದ ಮೇಲೆ ಕೈ ಪಳಗಿಸಿಕೊಳ್ಳಿ.

ಈಗ ಜಾಗದ ಪ್ರಶ್ನೆ. ನನ್ನ ಸಲಹೆ ಏನಂದರೆ, ಹೆಚ್ಚಿನ ಪಾಲು ಬಾಗಲಕೋಟೆಯಲ್ಲೇ ಇರಲಿ, ದೀಪಾವಳಿವರೆಗಾದರೂ. ಅವ್ವನಿಗೆ ಮೇಲಿನ ರೂಮು ಬೇಕು ಅಂದರೆ ಬಿಟ್ಟುಕೊಡಿ, ಬಾಡಿಗೆ ದುಡ್ಡು ಅವರಿಗೆ ಆಸರೆ. ಕೆಳಗಿನ ಮನೆಯಲ್ಲಿ, ಹೊರಗೋಡೆಗೂ ಬಚ್ಚಲಿಗೂ ತಾಗದ ಒಂದು ಮೂಲೆ ಹುಡುಕಿ. ಅಲ್ಲಿ ಒಂದು ಕಬ್ಬಿಣದ ಕಪಾಟು, ನೆಲದಿಂದ ನಾಲ್ಕು ಬೆರಳು ಎತ್ತರಕ್ಕೆ, ಗೋಡೆಯಿಂದ ಒಂದು ಗೇಣು ಈಚೆಗೆ. ಸೆಕೆಂಡ್‌ಹ್ಯಾಂಡ್ ಕಪಾಟೇ ಸಾಕು. ಇದರಲ್ಲೂ ಅಪಾಯ ಇಲ್ಲದಿಲ್ಲ. ಒಣ ಸೀಮೆಯಲ್ಲಿ ಪುಸ್ತಕದ ದೊಡ್ಡ ವೈರಿ ಗೆದ್ದಲು. ಅದು ನೆಲದಿಂದ, ಗೋಡೆಯಿಂದ ಮಣ್ಣಿನ ಗೆರೆ ಎಳೆದುಕೊಂಡು ಬರುತ್ತದೆ. ಮುಚ್ಚಿಟ್ಟ ಬಾಕ್ಸನ್ನು ಒಳಗಿನಿಂದ ಪೂರ್ತಿ ತಿಂದರೂ ಹೊರಗೆ ಗೊತ್ತಾಗಲ್ಲ. ಹಾಗಾಗಿ ತಿಂಗಳಿಗೊಮ್ಮೆ ಕಪಾಟಿನ ಕಾಲು, ಹಿಂದಿನ ಗೋಡೆ ನೋಡೋಕೆ ಅವ್ವನಿಗೆ ಹೇಳಿ. ನೀವು ಊರಿಗೆ ಬಂದಾಗ ಬಾಗಿಲು ತೆರೆದು ಅರ್ಧ ದಿನ ಗಾಳಿಗೆ ಬಿಡಿ. ಇಷ್ಟು ನೋಡಿಕೊಳ್ಳೋಕೆ ಯಾರೂ ಇಲ್ಲದಿದ್ದರೆ ಈ ದಾರಿ ಬೇಡ ಅಂತ ನಾನೇ ಹೇಳುತ್ತಿದ್ದೆ.

ಇಲ್ಲ, ಎಲ್ಲವನ್ನೂ ಈಗಲೇ ತರಲೇಬೇಕು ಅಂತಾದರೆ ಮನೆ ಬದಲಿಸಿ. ಅಡ್ವಾನ್ಸ್ ಕೊಟ್ಟಿಲ್ಲ ಅಂದಿರಿ, ಅದು ಒಳ್ಳೆಯದಾಯಿತು. ಒಂದು ಜೋರು ಮಳೆಯ ಮಾರನೇ ದಿನ ಆ ಮನೆಗೆ ಹೋಗಿ. ನೆಲದಿಂದ ಮೊಣಕಾಲೆತ್ತರದವರೆಗೆ ಗೋಡೆಗೆ ಅಂಗೈ ಇಟ್ಟು ನೋಡಿ. ಬಣ್ಣ ಉಬ್ಬಿದೆಯಾ, ಉಪ್ಪಿನಂತೆ ಬಿಳಿ ಪುಡಿ ಉದುರುತ್ತದೆಯಾ, ಗೋಡೆಯೊಳಗಿನ ಕಪಾಟಿನ ಬಾಗಿಲು ತೆರೆದರೆ ಮುಗ್ಗಲು ವಾಸನೆ ಬರುತ್ತದೆಯಾ ನೋಡಿ. ಇದ್ದರೆ ಆ ಮನೆ ಪುಸ್ತಕಕ್ಕೆ ಮಾತ್ರ ಅಲ್ಲ, ಮಗುವಿಗೂ ಒಳ್ಳೆಯದಲ್ಲ. ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಮೊದಲನೇ ಮಹಡಿ ನೋಡಿ. ಅದರ ಮೇಲೆ ಇನ್ನೊಂದು ಮಹಡಿ ಇದ್ದರೆ ಇನ್ನೂ ಒಳ್ಳೆಯದು, ಸೋರುವ ಭಯ ಇರಲ್ಲ.

ಸಾಗಿಸೋದು ಯಾವಾಗಾದರೂ ಆಗಲಿ, ಕಿರಾಣಿ ಅಂಗಡಿಯ ಡಬ್ಬ ತರಬೇಡಿ. ಬೆಲ್ಲ, ಹಿಟ್ಟಿನ ವಾಸನೆಗೆ ಜಿರಲೆ ಜೊತೆಗೇ ಬರುತ್ತವೆ. ಔಷಧಿ ಅಂಗಡಿಯ ಗಟ್ಟಿ ಡಬ್ಬ ಕೇಳಿ, ಸಣ್ಣವು ಸಾಕು, ಒಬ್ಬರೇ ಎತ್ತುವಷ್ಟು. ಕಾಮಿಕ್ಸ್ ಮಲಗಿಸಿ ಇಡಿ, ಬೆನ್ನು ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ. ಸುತಲಿಯಿಂದ ಬಿಗಿದರೆ ಅಂಚು ಕೊಯ್ಯುತ್ತದೆ. ಟೆಂಪೋಗೆ ತಾಡಪತ್ರಿ ಇದ್ದರೂ ಡಬ್ಬದ ಒಳಗೆ ಒಂದು ಪ್ಲಾಸ್ಟಿಕ್ ಹಾಳೆ ಇರಲಿ, ಮನೆ ಸೇರಿದ ಕೂಡಲೇ ಅದನ್ನು ತೆಗೆಯಿರಿ. 2019ರ ಆಗಸ್ಟ್ ನೆರೆಯಲ್ಲಿ ನಮ್ಮ ಎರಡೂ ಜಿಲ್ಲೆಗಳ ಎಷ್ಟೋ ಮನೆಗಳ ಪುಸ್ತಕ ನೆಂದವು. ಒದ್ದೆ ಕಾಗದ ಎರಡು ಮೂರು ದಿನ ಪ್ಲಾಸ್ಟಿಕ್ಕಿನೊಳಗೆ ಉಳಿದರೆ ಬೂಸ್ಟು ಖಾತ್ರಿ.

ನೀವು ಕಾಮಿಕ್ಸ್ ಇಡುವ ಕವರೂ ನೋಡಿಕೊಳ್ಳಿ. ಘಮ್ಮಂತ ಪ್ಲಾಸ್ಟಿಕ್ ವಾಸನೆ ಬರುವ ಮೆತ್ತನೆ ಪಿವಿಸಿ ಕವರ್ ಬೇಡ, ಅದು ಕಾಲಕ್ರಮೇಣ ಅಂಟಂಟಾಗುತ್ತದೆ. ರೆಡಿಮೇಡ್ ಶರ್ಟ್ ಬರುವ ಪಾರದರ್ಶಕ, ಚರಚರ ಸದ್ದು ಮಾಡುವ ಕವರ್ ಇದೆಯಲ್ಲ, ಅದು ಸಾಮಾನ್ಯವಾಗಿ ಪಾಲಿಪ್ರೊಪಿಲೀನ್. ಅದು ಆಗುತ್ತದೆ. ಅಂಟಿನ ಪಟ್ಟಿ ಕತ್ತರಿಸಿ, ಬಾಯಿ ತೆರೆದೇ ಇರಲಿ. ತೇವ ಹೀರುವ ಸಿಲಿಕಾ ಜೆಲ್ ಹರಳು ಇಡೋದಾದರೆ ಗಾಳಿಯಾಡದ ಡಬ್ಬದಲ್ಲಿ ಇಡಬೇಕು, ತೆರೆದ ಕಪಾಟಿನಲ್ಲಿ ಇಟ್ಟು ಪ್ರಯೋಜನ ಇಲ್ಲ. ಬಣ್ಣ ಬದಲಾದ ಮೇಲೆ ಕಾಯಿಸಿ ಮತ್ತೆ ಬಳಸಬೇಕು. ಮಗುವಿಗೆ ಸಿಗದಂತೆ ಇಡೋದು ಇದಕ್ಕೂ ಅನ್ವಯಿಸುತ್ತದೆ. ತೇವಾಂಶ ತೋರಿಸುವ ಸಣ್ಣ ಡಿಜಿಟಲ್ ಮೀಟರ್ ಸಾವಿರ ರೂಪಾಯಿಯೊಳಗೇ ಸಿಗುತ್ತದೆ. ನಾನು ಒಂದೇ ಒಂದು ವಸ್ತು ಕೊಳ್ಳಿ ಅಂತ ಹೇಳಬೇಕಾದರೆ ಅದನ್ನೇ ಹೇಳುತ್ತೇನೆ.

ಇನ್ನು ಆ 20,000 ರೂಪಾಯಿ. ಹಳೇ ಕಾಮಿಕ್ಸ್ ಅಂದರೆ ಲಕ್ಷ ಬೆಲೆ ಅನ್ನೋದು ಸುಳ್ಳು. ರದ್ದಿಗೆ ಹಾಕೋದಕ್ಕಿಂತ ಜಾಸ್ತಿ ಬಂತಲ್ಲ ಅನ್ನೋದೂ ತಪ್ಪು ಲೆಕ್ಕ. ಬಹುಪಾಲು ಸಂಚಿಕೆಗಳಿಗೆ ದೊಡ್ಡ ಬೆಲೆ ಇಲ್ಲ, ಕೆಲವಕ್ಕೆ ಇದೆ. ಪೂರ್ತಿ ಕಟ್ಟು ಕೇಳುವವರು ಸಾಮಾನ್ಯವಾಗಿ ಆ ಕೆಲವನ್ನು ಗುರುತಿಸಿಯೇ ಕೇಳುತ್ತಾರೆ. ಇಂದ್ರಜಾಲ 1964ರಲ್ಲಿ ಶುರುವಾಗಿ 1990ರಲ್ಲಿ ನಿಂತಿತು. ಅದರಲ್ಲಿ ಅರವತ್ತರ ದಶಕದ, ಮುಖಪುಟ ಸಮೇತ ಇರುವ ಪ್ರತಿಗಳನ್ನು ಹುಡುಕುವವರು ಇದ್ದಾರೆ. ಅಮರ ಚಿತ್ರ ಕಥೆ 1967ರದ್ದು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ಆ ಹೆಸರಿನಲ್ಲಿ ಮೊದಲು ಪುಸ್ತಕ ಬಂದದ್ದು ಕನ್ನಡದಲ್ಲೇ, ಬೆಂಗಳೂರಿನಲ್ಲಿ, 1965ರ ಸುಮಾರಿಗೆ. ಮುಂದೆ ಕಾರ್ಕಳದ ಅನಂತ ಪೈ ಅವರು ಅದನ್ನು ದೇಶಕ್ಕೆಲ್ಲ ಮುಟ್ಟಿಸಿದರು. ನಿಮ್ಮ ಮಾಮಾ ಕೊಟ್ಟ ಕಟ್ಟಿನಲ್ಲಿ ಆ ಕಾಲದ ಕನ್ನಡ ಪ್ರತಿ ಒಂದಿದ್ದರೂ ಅದನ್ನು ಕೈ ಬಿಡಬೇಡಿ ಅಂತ ನಾನು ಕೈಮುಗಿದು ಕೇಳುತ್ತೇನೆ. ಕನ್ನಡದ ಹಳೇ ಮಕ್ಕಳ ಪುಸ್ತಕ, ಪತ್ರಿಕೆಗಳನ್ನು ಕೂಡಿಸಿಟ್ಟವರು ಬಹಳ ಕಡಿಮೆ.

ಮರುಮುದ್ರಣವೋ ಅಲ್ಲವೋ ತಿಳಿಯೋಕೆ ಹಿಂದಿನ ರಕ್ಷಾಪುಟ ನೋಡಿ. ಅಲ್ಲಿ ಬಂದ ಪುಸ್ತಕಗಳ ಪಟ್ಟಿ ಇದ್ದು, ಈ ಪುಸ್ತಕಕ್ಕಿಂತ ಬಹಳ ಮುಂದಿನ ಸಂಖ್ಯೆಗಳೂ ಅದರಲ್ಲಿದ್ದರೆ ಅದು ಮರುಮುದ್ರಣ. ಮುಖಪುಟದ ಬೆಲೆಯೂ ಸುಳಿವು ಕೊಡುತ್ತದೆ. ಈ ಹದಿನೈದು ದಿನದಲ್ಲಿ ನೀವು ಮಾಡಬೇಕಾದ ಕೆಲಸ ಇದೇ, ಪಟ್ಟಿ. ಹೆಸರು, ಸಂಖ್ಯೆ, ಭಾಷೆ, ಬೆಲೆ, ಸ್ಥಿತಿ. ಅಕೌಂಟ್ಸ್‌ನವರಿಗೆ ಎಕ್ಸೆಲ್ ಹೇಳಿಕೊಡಬೇಕಿಲ್ಲ. ಪಟ್ಟಿ ಆದ ಮೇಲೂ ಮಾರಬೇಕು ಅನ್ನಿಸಿದರೆ ಮಾರಿ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಏನು ಮಾರುತ್ತಿದ್ದೀರಿ ಅಂತ ತಿಳಿದು ಮಾರಿ. ಈ ವಾರವೇ ಹೇಳಿ ಅನ್ನುವವರಿಗೆ ದಸರಾ ಆದ ಮೇಲೆ ಹೇಳುತ್ತೇನೆ ಅನ್ನಿ. ನಿಜವಾಗಿ ಬೇಕಾದವರು ಕಾಯುತ್ತಾರೆ.

ಎರಡು ಪ್ರತಿ ಇರುವವು, ಮುಖಪುಟ ಹರಿದವು ಇರುತ್ತವಲ್ಲ, ಅವನ್ನು ಗ್ರಾಮ ಪಂಚಾಯ್ತಿಯ ಗ್ರಂಥಾಲಯಕ್ಕೆ ಕೊಡಿ. ಈಗ ಅರಿವು ಕೇಂದ್ರ ಅಂತ ಕರೆಯುತ್ತಾರೆ. ಅಲ್ಲಿ ಮಕ್ಕಳು ಬಂದು ಓದುತ್ತಾರೆ, ಕಾಮಿಕ್ಸ್ ಅಂದರೆ ಕಿತ್ತಾಡುತ್ತಾರೆ. ವರ್ಷದೊಳಗೆ ಚಿಂದಿಯಾಗಬಹುದು. ಓದಿ ಚಿಂದಿಯಾದರೆ ಆ ಪ್ರತಿ ತನ್ನ ಕೆಲಸ ಮಾಡಿದೆ. ಅಪರೂಪದ್ದನ್ನು ಮಾತ್ರ ಅಲ್ಲಿಗೆ ಕೊಡಬೇಡಿ. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿಟ್ಟುಕೊಂಡು ಪುಸ್ತಕ ಕೊಟ್ಟುಬಿಡುತ್ತೇನೆ ಅನ್ನುವವರೂ ಇದ್ದಾರೆ. ನಿಮ್ಮ ಓದಿಗೆ ಇಟ್ಟುಕೊಳ್ಳೋದು ಬೇರೆ, ಗ್ರೂಪುಗಳಲ್ಲಿ ಹಂಚೋದು ಬೇರೆ. ಎರಡನೆಯದು ಹಕ್ಕುಸ್ವಾಮ್ಯದ ತಕರಾರಿಗೆ ದಾರಿ.

ಕೊನೆಗೆ ಓದು. ನನ್ನ ಅನುಭವದಲ್ಲಿ, ನೌಕರಿ ಬಿಡುವ ಮತ್ತು ಸೇರುವ ನಡುವಿನ ತಿಂಗಳುಗಳಲ್ಲಿ ಓದು ನಿಲ್ಲೋದು ತೀರಾ ಸಾಮಾನ್ಯ. ಹ್ಯಾಂಡೋವರ್, ಮನೆ ಹುಡುಕಾಟ, ಪಿಎಫ್ ಕಾಗದ, ಮಗುವಿನ ಔಷಧಿ, ಇಷ್ಟರ ನಡುವೆ ನಾನೂರು ಪುಟದ ಕಾದಂಬರಿಯಲ್ಲಿ ಮನಸ್ಸು ಹೇಗೆ ನಿಲ್ಲಬೇಕು? ಹುಚ್ಚು ಹೋದವರು ಪುಸ್ತಕ ಹಾಳಾದೀತು ಅಂತ ಇಷ್ಟುದ್ದ ಪತ್ರ ಬರೆಯಲ್ಲ. ಹಾಗಾಗಿ ಜುಲೈನಲ್ಲಿ ಬರುವಾಗ ಒಂದೇ ಒಂದು ಡಬ್ಬ ತನ್ನಿ. ಅದರಲ್ಲಿ ಅಪರೂಪದ್ದು ಯಾವುದೂ ಬೇಡ. ಗಟ್ಟಿ ಕಾಗದದ ಹೊಸ ಮುದ್ರಣದ ಕಾಮಿಕ್ಸ್ ಒಂದಿಪ್ಪತ್ತು, ಸಣ್ಣ ಕತೆಯ ಪುಸ್ತಕ ಐದಾರು, ಮಗಳು ಹರಿದರೂ ಬೇಜಾರಾಗದಂಥವು ಒಂದಷ್ಟು. ಊಟವಾದ ಮೇಲೆ 32 ಪುಟದ ಒಂದು ಕಾಮಿಕ್ಸ್ ಮುಗಿಯುತ್ತದೆ. ಬಹಳ ಜನರಿಗೆ ಓದು ವಾಪಸ್ ಬಂದಿದ್ದು ಹೀಗೇ, ಸಣ್ಣದರಿಂದ. ಸಾಲದಿದ್ದರೆ ಬೆಳಗಾವಿಯ ನಗರ ಕೇಂದ್ರ ಗ್ರಂಥಾಲಯದಲ್ಲಿ ಸದಸ್ಯರಾಗಿ. ದೀಪಾವಳಿಗೆ ಊರಿಗೆ ಹೋದಾಗ ಆ ಡಬ್ಬದ ಪುಸ್ತಕಗಳನ್ನು ಕಪಾಟಿನಲ್ಲಿಟ್ಟು ಬೇರೆ ತನ್ನಿ. ಅಷ್ಟರಲ್ಲಿ ನಿಮ್ಮ ಮೀಟರ್ ನಾಲ್ಕು ತಿಂಗಳ ಲೆಕ್ಕ ಹೇಳಿರುತ್ತದೆ. ಮಳೆಗಾಲದ ನಡುವೆಯೂ ಹೆಚ್ಚು ದಿನ 65ರ ಒಳಗೇ ಇದ್ದರೆ ಉಳಿದದ್ದನ್ನೂ ಡಿಸೆಂಬರ್‌ನಲ್ಲಿ ತರಬಹುದು. ಇಲ್ಲದಿದ್ದರೆ ಅವು ಬಾಗಲಕೋಟೆಯಲ್ಲೇ ಇರಲಿ.